ಎಂಟು ಅಕ್ಷರಗಳ ಭರವಸೆ

ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ ಮಾನಿಟರ್, ಕೀಬೋರ್ಡ್ ಜೋಡಿಸುವುದು ಸಾಮಾನ್ಯವಾಗಿ ಮೊದಲ ದಿನ ಮಾತ್ರ. ಆಮೇಲೆ ಅದು ಟಿವಿಯ ಹಿಂದೆಯೋ, ರೌಟರ್ ಪಕ್ಕದಲ್ಲೋ, ಕಾಲೇಜು ಲ್ಯಾಬಿನ ಮೂಲೆಯಲ್ಲೋ ಕೂತುಬಿಡುತ್ತದೆ. ಅದರ ಪರದೆಯನ್ನು ನಮ್ಮ ಲ್ಯಾಪ್‌ಟಾಪಿನಲ್ಲಿ ತೆರೆದುಕೊಂಡು ಕೂತಲ್ಲಿಂದಲೇ ಮೌಸ್ ಆಡಿಸುವ ಅನುಕೂಲಕ್ಕೆ ರಿಮೋಟ್ ಡೆಸ್ಕ್‌ಟಾಪ್ ಎನ್ನುತ್ತಾರೆ. ಪೈನಲ್ಲಿ ಇದಕ್ಕೆ ಹೆಚ್ಚು ಬಳಕೆಯಲ್ಲಿರುವುದು ವಿಎನ್‌ಸಿ. ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಆನ್ ಮಾಡಿ, ಒಂದು ಪಾಸ್‌ವರ್ಡ್ ಕೊಟ್ಟರೆ ಕೆಲಸ ಮುಗಿಯಿತೆಂದು ಬಹಳ ಜನ ನಂಬಿದ್ದಾರೆ. ಆದರೆ ಪಾಸ್‌ವರ್ಡ್ ಇದೆ ಎಂಬುದಷ್ಟರಿಂದಲೇ ಇಲ್ಲಿ ರಕ್ಷಣೆ ಸಿಗುವುದಿಲ್ಲ. ಅದು ಯಾವ ಬಗೆಯ ಪಾಸ್‌ವರ್ಡ್, ಯಾವ ದಾರಿಯಲ್ಲಿ ಹೋಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕಾರಣ ವಿಎನ್‌ಸಿ ಹುಟ್ಟಿದ ಕಾಲದಲ್ಲಿದೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಒಲಿವೆಟ್ಟಿ ಸಂಶೋಧನಾಲಯದಲ್ಲಿ 1990ರ ದಶಕದಲ್ಲಿ ಇದು ರೂಪುಗೊಂಡಾಗ, ಒಂದೇ ಕಟ್ಟಡದೊಳಗಿನ, ಪರಸ್ಪರ ನಂಬಿಕೆಯಿರುವ ಜನರ ಯಂತ್ರಗಳಿಗೆ ಅದು ಸಾಕಾಗಿತ್ತು. ಅಂದಿನ ವಿಧಾನ ಹೀಗೆ: ನೀವು ಸಂಪರ್ಕಿಸಿದ ಕೂಡಲೇ ಪೈ 16 ಬೈಟ್‌ಗಳ ಒಂದು ಸವಾಲನ್ನು ಕಳಿಸುತ್ತದೆ. ನಿಮ್ಮ ಲ್ಯಾಪ್‌ಟಾಪ್ ಪಾಸ್‌ವರ್ಡನ್ನೇ ಕೀಲಿಯಾಗಿಸಿಕೊಂಡು ಆ ಸವಾಲನ್ನು ಗೂಢಲಿಪಿಗೆ ತಿರುಗಿಸಿ ವಾಪಸ್ಸು ಕಳಿಸುತ್ತದೆ. ಪಾಸ್‌ವರ್ಡ್ ನೇರವಾಗಿ ತಂತಿಯ ಮೇಲೆ ಹೋಗುವುದಿಲ್ಲ, ಅಷ್ಟರಮಟ್ಟಿಗೆ ಜಾಣತನವಿದೆ. ಆದರೆ ಇದಕ್ಕೆ ಬಳಸಿದ್ದು ಅಮೆರಿಕ 1977ರಲ್ಲಿ ಮಾನಕವಾಗಿ ಸ್ವೀಕರಿಸಿದ ಡಿಇಎಸ್ ಪದ್ಧತಿ. ಅದರ ಕೀಲಿಯಲ್ಲಿ ಎಂಟಕ್ಕಿಂತ ಹೆಚ್ಚು ಅಕ್ಷರಕ್ಕೆ ಜಾಗವೇ ಇಲ್ಲ. ಬೆಂಗಳೂರು ಎಂಬ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಮುಂದೆ ಅಂಕಿ, ಚಿಹ್ನೆ ಎಲ್ಲ ಸೇರಿಸಿ ಭದ್ರವಾದ ಪಾಸ್‌ವರ್ಡ್ ಕೊಟ್ಟೆವೆಂದುಕೊಳ್ಳಿ. ಊರಿನ ಹೆಸರಿಗೇ ಒಂಬತ್ತು ಅಕ್ಷರ ಬೇಕು. ಹಳೆಯ ಪದ್ಧತಿ ಕೊನೆಯ 'ಯು' ಅಕ್ಷರವನ್ನೂ ಅದರಾಚೆಗಿನ ಅಂಕಿ-ಚಿಹ್ನೆಗಳನ್ನೂ ಗಣನೆಗೇ ತೆಗೆದುಕೊಳ್ಳುವುದಿಲ್ಲ. ನಾವು ಕಷ್ಟಪಟ್ಟು ಸೇರಿಸಿದ್ದೆಲ್ಲ ವ್ಯರ್ಥ, ಉಳಿದದ್ದು ಯಾರಾದರೂ ಮೊದಲ ಯತ್ನದಲ್ಲೇ ಊಹಿಸಬಹುದಾದ ಊರಿನ ಹೆಸರು. 1998ರಲ್ಲೇ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಕಟ್ಟಿಸಿದ ಒಂದು ಯಂತ್ರ ಡಿಇಎಸ್ ಕೀಲಿಯನ್ನು 56 ಗಂಟೆಗಳಲ್ಲಿ ಹುಡುಕಿ ತೋರಿಸಿತ್ತು. ಇನ್ನೊಂದು ಸಂಗತಿ ಇದಕ್ಕಿಂತಲೂ ಗಂಭೀರ. ಹಳೆಯ ವಿಎನ್‌ಸಿಯಲ್ಲಿ ಈ ಗೂಢಲಿಪಿ ಲಾಗಿನ್‌ಗೆ ಮಾತ್ರ. ಅಲ್ಲಿಂದ ಮುಂದೆ ಪರದೆಯ ಚಿತ್ರವೂ ನೀವು ಒತ್ತಿದ ಒಂದೊಂದು ಕೀಲಿಯೂ ಬಟಾಬಯಲಾಗಿ ಹರಿಯುತ್ತವೆ. ಆ ಪರದೆಯಲ್ಲಿ ಮೇಲ್ ತೆರೆದು ಪಾಸ್‌ವರ್ಡ್ ಟೈಪಿಸಿದರೆ, ನಡುವೆ ಹೊಂಚುಹಾಕಿದವನಿಗೆ ಅದೂ ಸಿಕ್ಕಿತು.

ಇದು ಹಳೆಯ ಕಥೆ, ಈಗ ಎಲ್ಲ ಸುಧಾರಿಸಿದೆಯಲ್ಲ ಎಂದು ಕೇಳಬಹುದು. ಸುಧಾರಿಸಿರುವುದು ನಿಜ. ಪೈಗೆ ರಿಯಲ್‌ವಿಎನ್‌ಸಿ ಎಂಬ ವಿಎನ್‌ಸಿ ತಂತ್ರಾಂಶ ಬಂದಾಗ ಅದು ಬೇರೆ ಪಾಸ್‌ವರ್ಡ್ ಕೇಳಲಿಲ್ಲ. ಪೈನ ಬಳಕೆದಾರ ಖಾತೆಯ ಹೆಸರು, ಪಾಸ್‌ವರ್ಡನ್ನೇ ಒಪ್ಪಿಕೊಂಡಿತು, ಮಾತುಕತೆಯನ್ನೆಲ್ಲ ಗೂಢಲಿಪಿಯಲ್ಲೇ ನಡೆಸಿತು. ತೊಡಕು ಹುಟ್ಟುವುದು ಇಲ್ಲೇ. ಬೇರೆ ಕಂಪನಿಯ ವ್ಯೂವರಿನಿಂದ, ಅಂದರೆ ಲ್ಯಾಪ್‌ಟಾಪಿನಲ್ಲಿ ಪೈನ ಪರದೆ ತೋರಿಸುವ ತಂತ್ರಾಂಶದಿಂದ, ಸಂಪರ್ಕಿಸಲು ಹೋದರೆ, ಈ ಭದ್ರತಾ ವಿಧಾನ ನನಗೆ ಗೊತ್ತಿಲ್ಲ ಎಂದು ಅದು ಕೈಯೆತ್ತುತ್ತದೆ. ಆಗ ಎಲ್ಲರೂ ಹೇಳಿಕೊಡುವ ಉಪಾಯ ಒಂದೇ: ಪೈನ ವಿಎನ್‌ಸಿ ಆಯ್ಕೆಗಳಲ್ಲಿ ದೃಢೀಕರಣವನ್ನು ಯುನಿಕ್ಸ್ ಪಾಸ್‌ವರ್ಡಿನಿಂದ (ಅಂದರೆ ಖಾತೆಯ ಪಾಸ್‌ವರ್ಡಿನಿಂದ) ವಿಎನ್‌ಸಿ ಪಾಸ್‌ವರ್ಡಿಗೆ ಬದಲಿಸಿ, ಗೂಢಲಿಪಿ ಕಡ್ಡಾಯವಲ್ಲ ಎಂದು ಸಡಿಲಿಸಿ, ಹೊಸ ಪಾಸ್‌ವರ್ಡ್ ಕೊಡಿ. ಐದು ನಿಮಿಷದ ಕೆಲಸ, ಸಂಪರ್ಕವೂ ಆಗುತ್ತದೆ. ಆದರೆ ಆ ಐದು ನಿಮಿಷದಲ್ಲಿ ನಾವು 1990ರ ದಶಕಕ್ಕೆ ವಾಪಸ್ಸು ಹೋಗಿರುತ್ತೇವೆ. ಪರದೆ ತೆರೆದುಕೊಂಡ ಖುಷಿಯಲ್ಲಿ ಇದು ಯಾರ ಗಮನಕ್ಕೂ ಬರುವುದಿಲ್ಲ ಎಂಬುದೇ ನನ್ನ ಆತಂಕ.

ಇದರ ಎದುರು ಸಾಮಾನ್ಯವಾಗಿ ಬರುವ ಮಾತು, ನನ್ನ ಪುಟ್ಟ ಪೈನಲ್ಲಿ ಕದಿಯುವಂಥದ್ದು ಏನಿದೆ ಎಂಬುದು. ನೋಡಿದ ಕೂಡಲೇ ಸರಿಯೆನಿಸುವ ಮಾತು, ಆದರೆ ನುಗ್ಗುವವನಿಗೆ ಬೇಕಾದದ್ದು ಪೈ ಅಲ್ಲ, ಪೈ ಕೂತಿರುವ ಜಾಗ. ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯ ಜಾಲಕ್ಕೆ ಅನುಮತಿಯಿಲ್ಲದೆ ಜೋಡಿಸಿದ್ದ ಒಂದು ರಾಸ್ಪ್‌ಬೆರಿ ಪೈ ಮೂಲಕ ದಾಳಿಕೋರರು ಒಳನುಸುಳಿದರು. 2018ರ ಏಪ್ರಿಲ್‌ನಲ್ಲಿ ಪತ್ತೆಯಾಗುವ ಹೊತ್ತಿಗೆ 23 ಕಡತಗಳಿಂದ ಸುಮಾರು 500 ಮೆಗಾಬೈಟ್ ಮಾಹಿತಿ ಹೋಗಿತ್ತು; ನಾಸಾದ ಇನ್‌ಸ್ಪೆಕ್ಟರ್ ಜನರಲ್ 2019ರ ಜೂನ್‌ನಲ್ಲಿ ಈ ವರದಿ ಕೊಟ್ಟರು. ಅಲ್ಲಿ ಕಾರಣ ವಿಎನ್‌ಸಿ ಎಂದು ನಾನು ಹೇಳುತ್ತಿಲ್ಲ. ಯಾರ ಲೆಕ್ಕಕ್ಕೂ ಸಿಗದೆ ಮೂಲೆಯಲ್ಲಿ ಕೂತ ಸಣ್ಣ ಯಂತ್ರ ದೊಡ್ಡ ಜಾಲದ ಹಿತ್ತಿಲ ಬಾಗಿಲಾಗುತ್ತದೆ ಎಂಬುದಷ್ಟೇ ಇಲ್ಲಿಯ ಸಾಕ್ಷ್ಯ. ನಮ್ಮ ಮನೆಯಲ್ಲೂ ಅದೇ ವೈಫೈನಲ್ಲಿ ಯುಪಿಐ ನಡೆಸುವ ಫೋನು, ಕಚೇರಿಯ ಲ್ಯಾಪ್‌ಟಾಪು, ಮಕ್ಕಳ ಟ್ಯಾಬ್ ಇರುತ್ತವೆ. ಪೈ ತಯಾರಕರೂ ಈ ಅಪಾಯವನ್ನು ತಡವಾಗಿಯಾದರೂ ಒಪ್ಪಿಕೊಂಡರು. ಬಳಕೆದಾರನ ಹೆಸರು 'ಪೈ', ಪಾಸ್‌ವರ್ಡ್ 'ರಾಸ್ಪ್‌ಬೆರಿ' ಎಂದು ಜಗತ್ತಿಗೆಲ್ಲ ಗೊತ್ತಿದ್ದ ಸಿದ್ಧ ಖಾತೆಯನ್ನು 2022ರ ಏಪ್ರಿಲ್‌ನಲ್ಲಿ ಕೈಬಿಟ್ಟು, ಮೊದಲ ಸಲ ಆನ್ ಮಾಡಿದಾಗಲೇ ಸ್ವಂತ ಹೆಸರು, ಪಾಸ್‌ವರ್ಡ್ ಕೊಡುವುದನ್ನು ಕಡ್ಡಾಯ ಮಾಡಿದರು.

ಹಾಗಾದರೆ ಮಾಡಬೇಕಾದದ್ದೇನು? ಸಾಧ್ಯವಿದ್ದಲ್ಲೆಲ್ಲ ಪ್ರತ್ಯೇಕ ವಿಎನ್‌ಸಿ ಪಾಸ್‌ವರ್ಡ್ ಬೇಡ, ಖಾತೆಯ ಪಾಸ್‌ವರ್ಡೇ ಇರಲಿ. ವ್ಯೂವರ್ ಒಪ್ಪದಿದ್ದರೆ ವ್ಯೂವರನ್ನೇ ಬದಲಿಸುವುದು ಲೇಸು. 2023ರ ಅಕ್ಟೋಬರ್‌ನ ನಂತರದ ಪೈ ವ್ಯವಸ್ಥೆಯಲ್ಲಿ ವೇವಿಎನ್‌ಸಿ ಎಂಬ ಬೇರೆ ವಿಎನ್‌ಸಿ ತಂತ್ರಾಂಶ ಬಂದಿದೆ. ಉಚಿತವಾಗಿ ಸಿಗುವ ಟೈಗರ್‌ವಿಎನ್‌ಸಿ ವ್ಯೂವರ್ ಅದರ ಜೊತೆ ಗೂಢಲಿಪಿಯಲ್ಲೇ ಹೊಂದಿಕೊಳ್ಳುತ್ತದೆ. ಹಳೆಯ ವ್ಯೂವರೇ ಬೇಕೆನ್ನುವವರಿಗೆ ಎಸ್‌ಎಸ್‌ಎಚ್ ಸುರಂಗ, ಅಂದರೆ ಎಲ್ಲವನ್ನೂ ಗೂಢಲಿಪಿಯಲ್ಲಿ ಸಾಗಿಸುವ ಸಂಪರ್ಕ, ಇದೆ. ವಿಎನ್‌ಸಿ 5900ನೇ ಪೋರ್ಟಿನಲ್ಲಿ ಕಾಯುತ್ತದೆ. ಅದು ಹೊರಗಿನಿಂದ ಯಾರ ಕರೆಗೂ ಓಗೊಡದೆ, ಪೈನೊಳಗಿನ ಕರೆಯನ್ನು ಮಾತ್ರ ಸ್ವೀಕರಿಸುವಂತೆ ಹೊಂದಿಸಿ, ಲ್ಯಾಪ್‌ಟಾಪಿನಿಂದ ಎಸ್‌ಎಸ್‌ಎಚ್ ಮೂಲಕ ಒಳಹೋದರೆ ಎಂಟಕ್ಷರದ ಪಾಸ್‌ವರ್ಡೂ ಸುರಕ್ಷಿತವಾಗಿ ಸಾಗುತ್ತದೆ. ಇದೆಲ್ಲ ಸಾಮಾನ್ಯರಿಗೆ ಕಷ್ಟ ಎಂಬ ಆಕ್ಷೇಪವಿದೆ. ನಾನು ಒಪ್ಪುವುದಿಲ್ಲ. ಸುರಂಗಕ್ಕೆ ಬೇಕಾದದ್ದು ಒಂದೇ ಸಾಲಿನ ಆಜ್ಞೆ. ದೃಢೀಕರಣ ಬದಲಿಸಲು ಆಯ್ಕೆಗಳನ್ನು ತಿದ್ದುವಷ್ಟು ಧೈರ್ಯ ಇರುವವರಿಗೆ ಅದು ಭಾರವಲ್ಲ.

ಉಳಿಯುವುದು ಮನೆಯಿಂದ ಹೊರಗಿದ್ದಾಗ ಪೈ ತಲುಪುವ ಪ್ರಶ್ನೆ. ರೌಟರಿನಲ್ಲಿ 5900 ಪೋರ್ಟನ್ನು ಅಂತರ್ಜಾಲಕ್ಕೆ ತೆರೆದಿಡುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬಾರದು. ತೆರೆದ ಪೋರ್ಟುಗಳನ್ನು ಹುಡುಕುತ್ತ ಯಂತ್ರಗಳು ಹಗಲೂ ರಾತ್ರಿ ಅಂತರ್ಜಾಲವನ್ನು ಜಾಲಾಡುತ್ತಿರುತ್ತವೆ. ಸ್ವಂತ ವಿಪಿಎನ್ ಒಂದು ದಾರಿ. ಅದು ಬೇಡವೆಂದರೆ 2024ರ ಮೇ ತಿಂಗಳಲ್ಲಿ ಬಂದ ರಾಸ್ಪ್‌ಬೆರಿ ಪೈ ಕನೆಕ್ಟ್ ಇದೆ. ಯಾವ ಪೋರ್ಟನ್ನೂ ತೆರೆಯದೆ, ಬ್ರೌಸರಿನಲ್ಲೇ ಪರದೆ ಕಾಣುತ್ತದೆ. ಆದರೆ ಆಗ ಪೈನ ಕೀಲಿ ನಿಮ್ಮ ರಾಸ್ಪ್‌ಬೆರಿ ಪೈ ಖಾತೆಗೆ ವರ್ಗವಾಗುತ್ತದೆ. ಆದ್ದರಿಂದ ಆ ಖಾತೆಗೆ ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಕೊಟ್ಟು, ಎರಡು ಹಂತದ ದೃಢೀಕರಣವನ್ನು ಅದೇ ದಿನ ಆನ್ ಮಾಡಿಕೊಳ್ಳಬೇಕು.