ಕಟ್ಟುಹಾವು ಕಚ್ಚಿದವರಿಗೆ ಪೈಪೇ ಮದ್ದು

‘ಪೈಪ್ ಹಾಕುದ್ರೆ ಮುಗೀತು, ಮನೆಗ್ ಕರ್ಕೊಂಡೋಯ್ತೀವಿ ಬುಡಿ ಸಾ.’ ಮಂಡ್ಯ ಸೀಮೆಯ ಐಸಿಯು ಬಾಗಿಲುಗಳಲ್ಲಿ ಈ ಮಾತು ಹೊಸದಲ್ಲ. ಪೈಪ್ ಎಂದರೆ ವೆಂಟಿಲೇಟರಿಗೆ ಜೋಡಿಸಲು ಬಾಯಿಂದ ಶ್ವಾಸನಾಳಕ್ಕೆ ಇಳಿಸುವ ಕೊಳವೆ. ಕಾಯಿಲೆ ಕೈಮೀರಿದವರ ವಿಷಯದಲ್ಲಿ ಆ ಅಂಜಿಕೆಗೆ ಅರ್ಥವಿದೆ. ಕಟ್ಟುಹಾವು ಕಚ್ಚಿದವರ ವಿಷಯದಲ್ಲಿ ಅದೇ ಅಂಜಿಕೆ ಪ್ರಾಣಕ್ಕೆ ಎರವಾಗುತ್ತದೆ.

ಗದ್ದೆ ಬಯಲಿನ ಊರುಗಳಲ್ಲಿ ಈ ಹಾವು ರಾತ್ರಿ ಹೊತ್ತು, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಉರಿಯಿಲ್ಲ, ಊತವಿಲ್ಲ, ಹಲ್ಲಿನ ಗುರುತೂ ಎಷ್ಟೋ ಸಲ ಕಾಣದು. ಬೆಳಗಿನ ಜಾವ ಹೊಟ್ಟೆನೋವೆಂದು ಎದ್ದರೆ ಗ್ಯಾಸ್ಟ್ರಿಕ್ ಇರಬೇಕೆಂದು ಸೋಡಾ ಕುಡಿಸುತ್ತಾರೆ. ಅಷ್ಟರಲ್ಲಿ ರೆಪ್ಪೆ ಜೋಲುತ್ತದೆ. ಮಾತು ಮೂಗಿನಲ್ಲಿ ಬರುತ್ತದೆ. ನುಂಗಲಾಗದ ಎಂಜಲು ಕಟವಾಯಿಯಿಂದ ಇಳಿಯುತ್ತದೆ, ದಿಂಬಿನಿಂದ ತಲೆ ಎತ್ತಲಾಗುವುದಿಲ್ಲ. ಮುಂದೆ ಸೋಲುವುದು ಉಸಿರಾಟದ ಸ್ನಾಯುಗಳು.

ಹಾವಿನ ವಿಷಕ್ಕೆ ಪ್ರತಿವಿಷವಾಗಿ ಕೊಡುವ ಎಎಸ್‌ವಿ ಇಂಜೆಕ್ಷನ್ ರಕ್ತದಲ್ಲಿ ತಿರುಗುತ್ತಿರುವ ವಿಷವನ್ನು ಹಿಡಿಯಬಲ್ಲದು, ಆಗಲೇ ಹಾಳಾದ ನರದ ತುದಿಗಳನ್ನು ಸರಿಮಾಡಲಾರದು. ಅವು ತಾವಾಗಿ ಚಿಗುರಬೇಕು, ಅದಕ್ಕೆ ದಿನಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಉಸಿರು ವೆಂಟಿಲೇಟರಿನದು. ಸಕಾಲಕ್ಕೆ ಪೈಪ್ ಬಿದ್ದವರಲ್ಲಿ ಹೆಚ್ಚಿನವರು ನಡೆದುಕೊಂಡೇ ಮನೆಗೆ ಹೋಗುತ್ತಾರೆ.

ವಿಷ ಪೂರ್ತಿ ಏರಿದಾಗ ಕಣ್ಣಿಗೆ ಟಾರ್ಚ್ ಬಿಟ್ಟರೂ ಪಾಪೆ ಕದಲದೆ ಇರಬಹುದು. ಮೆದುಳೇ ಸತ್ತಿದೆಯೆಂದು ನಂಬಿಬಿಡುವಷ್ಟು ನಿಶ್ಚಲ. ಆದರೆ ಒಳಗೆ ಎಚ್ಚರವಿರುತ್ತದೆ, ಸುತ್ತಲಿನ ಮಾತು ಕೇಳಿಸುತ್ತಿರುತ್ತದೆ. ಆದ್ದರಿಂದಲೇ ನಿದ್ದೆ ಮದ್ದು ಕೊಡಬೇಕು. ಸಕ್ಷನ್ ಮಾಡುವ, ಅಂದರೆ ಕಫ ಹೀರಿ ತೆಗೆಯುವ ಮುನ್ನ ಹೆಸರು ಹಿಡಿದು ‘ಸ್ವಲ್ಪ ಕೆಮ್ಮು ಬರುತ್ತೆ ಅಣ್ಣ’ ಎಂದು ಹೇಳುವ ಸಿಸ್ಟರ್ ಮಾಡುತ್ತಿರುವುದೂ ಚಿಕಿತ್ಸೆಯೇ.

ಪೈಪ್ ಹಾಕುವ ಕೆಲಸ ಸಲೀಸೇನಲ್ಲ. 29 ದೇಶಗಳ 2,964 ತೀವ್ರ ಅಸ್ವಸ್ಥರನ್ನು ಗಮನಿಸಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶೇ 45ರಷ್ಟು ಮಂದಿಗೆ ಆ ಹೊತ್ತಿನಲ್ಲಿ ಬಿಪಿ ಕುಸಿತದಂಥ ಗಂಭೀರ ತೊಂದರೆ ಆಗಿತ್ತು. ಶೇ 3ರಷ್ಟು ಮಂದಿಗೆ ಹೃದಯವೇ ನಿಂತಿತ್ತು. ಹಾಗಾಗಿ ಉಸಿರು ಪೂರ್ತಿ ಸೋಲುವ ಮೊದಲೇ, ತಲೆದೆಸೆ ಎತ್ತರಿಸಿ, ಆಮ್ಲಜನಕ ತುಂಬಿಸಿ, ಸಕ್ಷನ್ ಕೈಗೆಟುಕುವಂತೆ ಇಟ್ಟುಕೊಂಡು ಹಾಕಬೇಕು. ಪೈಪ್ ಶ್ವಾಸನಾಳಕ್ಕೇ ಹೋಗಿದೆಯೆಂಬ ಖಾತ್ರಿ ಸಿಗುವುದು ರೋಗಿ ಬಿಡುವ ಉಸಿರಿನ ಕಾರ್ಬನ್ ಡೈಆಕ್ಸೈಡ್ ಮಾನಿಟರಿನಲ್ಲಿ ಅಲೆಯಾಗಿ ಕಂಡಾಗ.

ಮಳವಳ್ಳಿಯಿಂದ ಮಂಡ್ಯದ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ಗೆ ಸುಮಾರು 40 ಕಿ.ಮೀ., ಮದ್ದೂರಿನಿಂದ ಅದರ ಅರ್ಧ. ಕತ್ತು ಬಿದ್ದ ರೋಗಿಯನ್ನು ಹಾಗೇ ‘ರೆಫರ್’ ಮಾಡಿ ಕಳಿಸಿದರೆ ಉಸಿರು ದಾರಿಯಲ್ಲೇ ನಿಲ್ಲಬಹುದು. ಹೊರಡುವ ಮುನ್ನವೇ ಪೈಪ್ ಹಾಕಿ, ಕೈಯಿಂದ ಉಸಿರು ತುಂಬುವ ಅಂಬು ಬ್ಯಾಗ್ ಒತ್ತುತ್ತಾ ಕರೆದೊಯ್ದರೆ ಬದುಕುತ್ತಾರೆ. 1952ರ ಪೋಲಿಯೊ ಪಿಡುಗಿನಲ್ಲಿ ಕೋಪನ್‌ಹೇಗನ್ನಿನ ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಕೈಯಲ್ಲೇ ಚೀಲ ಒತ್ತಿ ವಾರಗಟ್ಟಲೆ ಜನರನ್ನು ಉಳಿಸಿಕೊಂಡರು. ನಮ್ಮದು ಹೆಚ್ಚೆಂದರೆ ಒಂದು ಗಂಟೆಯ ದಾರಿ.

2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿತು. ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಈಗ ವರದಿ ಮಾಡಲೇಬೇಕು. ಎಷ್ಟು ಜನರಿಗೆ ಕಚ್ಚಿತು, ಎಷ್ಟು ಜನ ತೀರಿಕೊಂಡರು ಎಂಬುದರ ಜೊತೆಗೆ, ತಾಲ್ಲೂಕು ಆಸ್ಪತ್ರೆ ಬಿಡುವ ಮೊದಲೇ ಎಷ್ಟು ಜನರಿಗೆ ಪೈಪ್ ಬಿತ್ತು ಎಂಬ ಲೆಕ್ಕವನ್ನೂ ಅದೇ ವರದಿಯಲ್ಲಿ ಬರೆದಿಡಬೇಕು.