ಅಂದದ ಶಸ್ತ್ರಚಿಕಿತ್ಸೆ: ಗಂಡಸರೂ ಹಿಂದೆ ಬಿದ್ದಿಲ್ಲ

ಸೌಂದರ್ಯ ಶಸ್ತ್ರಚಿಕಿತ್ಸೆಯು ಸ್ತ್ರೀಯರ ಹಂಬಲವೆಂಬ ಭಾವನೆ ಭಕ್ತ ಕುಟುಂಬಗಳಲ್ಲಿಯೂ ಉಂಟು. ಜಗತ್ತಿನ ಲೆಕ್ಕದಲ್ಲಿ ಇಂಥ ಚಿಕಿತ್ಸೆ ಪಡೆಯುವವರಲ್ಲಿ ನೂರಕ್ಕೆ ಎಂಬತ್ತಕ್ಕೂ ಮಿಕ್ಕಿ ಸ್ತ್ರೀಯರೇ ಎಂಬುದು ನಿಜ. ಆದರೆ ಕೂದಲು ಕಸಿಯಲ್ಲಿ ಪುರುಷರದೇ ಮೇಲುಗೈ. ಉಬ್ಬಿದ ಎದೆ ತಗ್ಗಿಸುವ ಶಸ್ತ್ರಕ್ರಿಯೆಗೂ ಯುವಕರು ಮುಂದಾಗುತ್ತಿದ್ದಾರೆ.

ತಿಕೋಟಾ, ಬಬಲೇಶ್ವರ ಭಾಗದ ತಾಯಂದಿರು ನನ್ನಲ್ಲಿ ವಿಚಾರಿಸುವುದು ಬಹುತೇಕ ಕಿವಿಯ ಹಾಲೆಯ ಬಗ್ಗೆ. ಭಾರವಾದ ಜುಮಕಿಗಳಿಂದ ರಂಧ್ರ ಹಿಗ್ಗಿ ಹಾಲೆ ಸೀಳಿರುತ್ತದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯವು ಹಾಲೆ ಕೂಡಿಸುವ 15 ಬಗೆಗಳನ್ನು ಹೇಳಿ, ಕತ್ತರಿಸಿಹೋದ ಮೂಗನ್ನು ಕೆನ್ನೆಯ ಚರ್ಮದಿಂದ ಕಟ್ಟುವ ಕ್ರಮವನ್ನೂ ತಿಳಿಸುತ್ತದೆ. ಇಂದು ಇದು ಆ ಜಾಗವನ್ನಷ್ಟೇ ಮರಗಟ್ಟಿಸಿ ಮಾಡುವ ಸಣ್ಣ ಹೊಲಿಗೆ, ಅಂಜಬೇಕಾದುದಿಲ್ಲ.

ಗಂಡುಮಕ್ಕಳ ಚಿಂತೆ ಲಗ್ನದ ಮಾತು ಬಂದಾಗ ಮೊದಲಾಗುತ್ತದೆ. ಮುಂದಲೆ ಮತ್ತು ನೆತ್ತಿಯ ಕೂದಲ ಬೇರುಗಳು ಪುರುಷ ಹಾರ್ಮೋನಿಗೆ ಸೊರಗುತ್ತವೆ, ಹಿಂದಲೆಯವು ತಾಳಿಕೊಳ್ಳುತ್ತವೆ. ಆ ಬೇರುಗಳನ್ನು ಮುಂದೆ ನೆಟ್ಟರೂ ತಮ್ಮ ಗುಣ ಬಿಡವು. ಕಸಿಯ ಗುಟ್ಟು ಇಷ್ಟೇ. ಆದರೆ ಹಿಂದಲೆಯ ಬಂಡವಾಳ ಮಿತವಾದುದು. 22ರ ಹರೆಯದಲ್ಲಿಯೇ ಅದನ್ನು ವೆಚ್ಚ ಮಾಡಿದರೆ, ಮುಂದೆ ನೆತ್ತಿ ಬೋಳಾದಾಗ ನೆಡಲು ಬೇರು ಸಾಲದು. ಬೋಳಾದ ತಲೆಯಲ್ಲಿ ಎಣ್ಣೆಯಿಂದಲೇ ಕೂದಲು ಬರಿಸುತ್ತೇವೆಂಬ ಜಾಹೀರಾತುಗಳನ್ನು, ಆಯುರ್ವೇದದ ಹೆಸರಿನಲ್ಲಿದ್ದರೂ, ನಂಬಬೇಡಿರಿ. ಹದಿಹರೆಯದಲ್ಲಿ ಎದೆ ಉಬ್ಬುವುದಂತೂ ಬಹುಮಟ್ಟಿಗೆ ಎರಡು ವರ್ಷದೊಳಗೆ ತಾನೇ ಇಳಿಯುತ್ತದೆ.

ನನಗೆ ಹೆಚ್ಚು ಕಳವಳ ತರುವುದು ಗುಟ್ಟು. ಹೆಂಗಸರು ಸಾಮಾನ್ಯವಾಗಿ ತಾಯಿಗೋ ಅಕ್ಕನಿಗೋ ಹೇಳಿ ಬರುತ್ತಾರೆ. ಗಂಡಸರು ನಾಚಿ ಯಾರಿಗೂ ಹೇಳದೆ ದೂರದ ಊರಿಗೆ ಹೋಗುತ್ತಾರೆ. ಹೆಣ್ಣುಮಕ್ಕಳಲ್ಲಿಯೂ ಗುಟ್ಟು ಇಲ್ಲವೆಂದಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಕ್ರಿಯೆಯ ಬಳಿಕ ತೀರಿಕೊಂಡ 21 ವರ್ಷದ ಕಿರುತೆರೆ ನಟಿ ಹೆತ್ತವರಿಗೆ ತಿಳಿಸದೆ ಹೋಗಿದ್ದರೆಂದು ವರದಿಯಾಗಿತ್ತು. ಅದೇ ವರ್ಷ ರಾಷ್ಟ್ರೀಯ ವೈದ್ಯಕೀಯ ಆಯೋಗವು, ಯೂಟ್ಯೂಬ್ ನೋಡಿಯೋ ಕಾರ್ಯಾಗಾರಕ್ಕೆ ಹೋಗಿಬಂದೋ ಕೂದಲು ಕಸಿ ಮಾಡುವಂತಿಲ್ಲ, ತಕ್ಕ ತರಬೇತಿ ಪಡೆದ ನೋಂದಾಯಿತ ವೈದ್ಯರೇ ಮಾಡಬೇಕೆಂದು ಸೂಚಿಸಿತು.

ಆದುದರಿಂದ ಹಣ ಕಟ್ಟುವ ಮುನ್ನ, ಕತ್ತಿ ಹಿಡಿಯುವವರ ಪದವಿ ಯಾವುದು, ಅರಿವಳಿಕೆ ಕೊಡುವವರು ಯಾರು, ಅವಘಡವಾದರೆ ತೀವ್ರ ನಿಗಾ ಘಟಕ ಎಷ್ಟು ದೂರವೆಂದು ಕೇಳಿರಿ, ಜೊತೆಗೆ ಮನೆಯವರೊಬ್ಬರಿರಲಿ. ಸಕ್ಕರೆ ಕಾಯಿಲೆಯಿದ್ದರೆ, ರಕ್ತ ತಿಳಿಯಾಗಿಸುವ ಮಾತ್ರೆ ಸೇವಿಸುತ್ತಿದ್ದರೆ ಮೊದಲೇ ತಿಳಿಸಿರಿ. ಕಷಾಯ, ಚೂರ್ಣಗಳನ್ನೂ ಮರೆಮಾಚಬೇಡಿರಿ. ಬೀಡಿ, ಸಿಗರೇಟು, ಗುಟ್ಕಾಗಳನ್ನು ಕನಿಷ್ಠ 4 ವಾರ ಮುಂಚೆ ಬಿಡತಕ್ಕದ್ದು. ಇಲ್ಲವಾದರೆ ಗಾಯ ಮಾಯುವುದು ತಡವಾಗುತ್ತದೆ.