ಉರುಳೆ ಎರಡು, ನಳಿಗೆ ಒಂದೇ

ಸಿ. ಬೆಳಗಲ್‌ನ ಯಾವುದಾದರೂ ಸೈಕಲ್ ಅಂಗಡಿಯಲ್ಲಿ 13ರ ನಟ್ಟಿಗೆ 14ರ ಪಾನಾ ಹಾಕಿ ನೋಡಿ. ತಿರುಗಿದಂಗೆ ಅನಿಸುತ್ತೆ, ಆದರೆ ಜಾರುತ್ತೆ. ರಿವಾಲ್ವರಿನಲ್ಲೂ ಇಂಥದೇ ಒಂದು ಪ್ರಶ್ನೆ ಇದೆ.

ಸಿನಿಮಾದಲ್ಲಿ ನೋಡಿದ್ದೀರಲ್ಲ, ಗುಂಡು ತುಂಬಿದ ಉರುಳೆ ಗಿರಗಿರ ತಿರುಗುತ್ತದೆ. ಅಮೆರಿಕದ ರೂಗರ್ ಬ್ಲ್ಯಾಕ್‌ಹಾಕ್‌ನ ಒಂದು ಮಾದರಿಗೆ ಎರಡು ಉರುಳೆ: ಒಂದು .357 ಮ್ಯಾಗ್ನಮ್‌ಗೆ, ಇನ್ನೊಂದು 9 ಮಿ.ಮೀ. ಗುಂಡಿಗೆ. ನಳಿಗೆ ಮಾತ್ರ ಅದೇ. ಹಾಗಾದರೆ ಗುರಿ ಕೆಡುವುದಿಲ್ಲವೇ?

ಮೊದಲ ಗುಂಡಿನ ವ್ಯಾಸ ಸುಮಾರು 9.07 ಮಿ.ಮೀ., ಎರಡನೆಯದು 9.02. ಅಂತರ ಬರೀ ಕೂದಲೆಳೆ! ಆದರೆ ನಳಿಗೆಯೊಳಗಿನ ಸುರುಳಿ ಗೀರುಗಳು ಗುಂಡನ್ನು ಬಿಗಿಯಾಗಿ ಹಿಡಿದು ಬುಗುರಿಯಂತೆ ತಿರುಗಿಸಬೇಕು. ತಿರುಗುವ ಬುಗುರಿ ಬೀಳದು. ತಿರುಗುವ ಗುಂಡೂ ಗಾಳಿಯಲ್ಲಿ ಪಲ್ಟಿ ಹೊಡೆಯದು. ಸಡಿಲವಾದರೆ ಹಿಡಿತ ಕಡಿಮೆ, ಗುರಿ ತುಸು ಚದುರಬಹುದು.

ನನ್ನ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡದು ಜೋಡಣೆ. ಉರುಳೆಯ ತೂತು ನಳಿಗೆಯ ಬಾಯಿಗೆ ನೇರವಾಗಿ ಬರಬೇಕು. ವಾರೆಯಾದರೆ ಗುಂಡಿನ ಅಂಚು ತರಚಿ, ಸೀಸದ ಚೂರು ಪಕ್ಕದವರ ಮೈಗೆ ಸಿಡಿಯುತ್ತದೆ. ಅದಕ್ಕೇ ಎರಡೂ ಉರುಳೆಗಳನ್ನು ಕಾರ್ಖಾನೆಯಲ್ಲೇ ಅದೇ ರಿವಾಲ್ವರಿಗೆ ಕೂಡಿಸಿ ಕಳಿಸುತ್ತಾರೆ. ಬೇರೆಯದರ ಉರುಳೆ ತಂದು ಹಾಕುವಂತಿಲ್ಲ.